ಸಹಿಯ ಮೇಲಿನ ಖಾಲಿ ಜಾಗ

ಜನವರಿ 9

ಪುರಸಭೆಯ ದಾಖಲೆ ಕೋಣೆಯ ಗುಮಾಸ್ತರಿಗೆ,

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತಿಳಿಯದೆ ಆಯಿತು ಎನ್ನಬಾರದು. ಕೋರ್ಟಿನ ಎದುರು ಬೀದಿಯ ಅಚ್ಚುಕೂಟ ನನ್ನದು. ಗಂಡ ಹೋದ ಮೇಲೆ ಮೂವತ್ತೊಂದು ವರ್ಷ ಅದನ್ನು ಒಬ್ಬಳೇ ನಡೆಸಿದ್ದೇನೆ. ಊರಿನವರು ನನ್ನನ್ನು ಅಚ್ಚುಕೂಟದಮ್ಮ ಎನ್ನುತ್ತಾರೆ. ನನ್ನ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಓದಿದ್ದು ಹತ್ತನೇ ತರಗತಿ. ಆದರೆ ನಿಮ್ಮ ಪುರಸಭೆಯ ನೋಟೀಸು, ತೆರಿಗೆ ರಸೀತಿ, ನೀವು ಕೂತಿರುವ ಕೋಣೆಯ ಗೋಡೆಗೆ ಅಂಟಿಸಿರುವ 'ಉಗುಳಬಾರದು' ಎಂಬ ಹಾಳೆ, ಎಲ್ಲವೂ ನನ್ನ ಕಣ್ಣಿನ ಕೆಳಗೆ ಹಾದು ಅಚ್ಚಾದದ್ದು. ಆ ಊರಿನಲ್ಲಿ ನನ್ನ ಕಡೆ ಬೆರಳು ತೋರಿಸಿ ಮಾತಾಡಿದವರು ಇದುವರೆಗೆ ಹುಟ್ಟಿಲ್ಲ.

ಮೊಣಕಾಲಿನ ಆಪರೇಷನ್ನಿಗೆಂದು ಸೆಪ್ಟೆಂಬರಿನಿಂದ ಇಲ್ಲಿ ಮಗಳ ಮನೆಯಲ್ಲಿದ್ದೇನೆ. ಬಲಗಾಲು ಮುಗಿಯಿತು, ಈಗ ಎಡಗಾಲು. ನಿನ್ನೆ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ಸಿನ ಕಾಗದ ಬಂತು. ಹೀಗೆ ಬರೆದಿದ್ದಾರೆ: "ಶಾಲೆಯ ಪತ್ರಿಕೆ ಅಚ್ಚಿಗೆ ಒಂದು ಪೈಸೆ ಇಳಿಸಿ ಎಂದರೆ ನೀವು ಇಳಿಸಲಿಲ್ಲ. ಚುನಾವಣೆಗೆ ನಾಲ್ಕು ಲಕ್ಷ ದೇಣಿಗೆ ಕೊಟ್ಟಿದ್ದೀರೆಂದು ಪುರಸಭೆಯ ಫೈಲಿನಲ್ಲಿ ಓದಿದೆ. ನಿಮ್ಮ ಕೈ ಇಷ್ಟು ಧಾರಾಳ ಎಂದು ಗೊತ್ತಿರಲಿಲ್ಲ, ಅಮ್ಮ."

ನಾನು ಯಾರಿಗೂ ನಾಲ್ಕು ಕಾಸೂ ಕೊಟ್ಟಿಲ್ಲ. ಇದು ನಿಮ್ಮ ಕೈತಪ್ಪು. ಯಾರದೋ ಹೆಸರು ಬರೆಯುವ ಕಡೆ ನನ್ನದು ಬರೆದಿದ್ದೀರಿ. ಅದನ್ನು ತೆಗೆಯಬೇಕು. ತೆಗೆದು ಆ ಫೈಲನ್ನು ಬೀರುವಿಗೆ ಹಾಕಿ ಬೀಗ ಜಡಿಯಬೇಕು. ಯಾರು ಯಾರಿಗೆ ಏನು ಕೊಟ್ಟರೆಂಬುದು ಮನೆಯೊಳಗಿನ ಮಾತು. ಬಸ್ಸಿಗೆ ಕಾಯುವವರು ಬೇಸರ ಕಳೆಯಲು ಬಂದು ತಿರುವಿ ಹಾಕುವುದಕ್ಕೆ ಅದೇನು ವಾರಪತ್ರಿಕೆಯೇ?

ಉತ್ತರ ಬೇಗ ಬರಲಿ.

ಅಚ್ಚುಕೂಟದಮ್ಮ


ಜನವರಿ 17

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಚುನಾವಣೆಯಲ್ಲಿ ನಿಂತವರು ಯಾರಿಂದ ಎಷ್ಟು ಪಡೆದರು, ಯಾವುದಕ್ಕೆ ಖರ್ಚು ಮಾಡಿದರು ಎಂಬ ವಿವರ ಕೊಡಬೇಕೆಂದು ನಿಯಮವಿದೆ. ಆ ವಿವರದ ಫೈಲನ್ನು ಕೆಲಸದ ದಿನ ಹತ್ತೂವರೆಯಿಂದ ನಾಲ್ಕೂವರೆಯವರೆಗೆ ಯಾರು ಕೇಳಿದರೂ ತೋರಿಸಬೇಕೆಂಬುದೂ ಅದೇ ನಿಯಮದಲ್ಲಿದೆ. ಯಾಕೆ ನೋಡುತ್ತೀರಿ ಎಂದು ಕೇಳುವ ಅಧಿಕಾರ ನಮಗಿಲ್ಲ. ಬಸ್ಸಿಗೆ ಕಾಯುವವರಿಗೂ ತೋರಿಸುತ್ತೇವೆ.

ತಮ್ಮ ಹೆಸರು ಕೈತಪ್ಪಿನಿಂದ ಸೇರಿದ್ದಲ್ಲ. ಒಂಬತ್ತನೇ ವಾರ್ಡಿನಲ್ಲಿ ಗೆದ್ದ ಅಭ್ಯರ್ಥಿ, ಅಂದರೆ ತಮ್ಮ ಮಗ, ಕೊಟ್ಟ ವಿವರದಲ್ಲಿ ತಮ್ಮ ಎರಡು ದೇಣಿಗೆ ಪತ್ರಗಳಿವೆ. ಒಂದೊಂದು ಎರಡು ಲಕ್ಷದ್ದು. ಎರಡೂ ತಮ್ಮ ಅಚ್ಚುಕೂಟದ ಲೆಟರ್‌ಹೆಡ್ಡಿನಲ್ಲಿವೆ. ಎರಡರಲ್ಲೂ ತಮ್ಮ ಸಹಿಯಿದೆ.

ಫೈಲಿನಲ್ಲಿ ಹೆಸರಿರುವವರು ಅದನ್ನು ಒಪ್ಪದಿದ್ದರೆ ಮಾರ್ಚ್ 31ರೊಳಗೆ ಲಿಖಿತ ಹೇಳಿಕೆ ಕೊಡಬಹುದು. ಹೇಳಿಕೆಯೂ ಅದೇ ಫೈಲಿಗೆ ಸೇರುತ್ತದೆ. ಆ ತಾರೀಖಿನ ನಂತರ ಏನನ್ನೂ ಸೇರಿಸಲಾಗದು. ಪತ್ರಗಳ ದೃಢೀಕೃತ ನಕಲು ಬೇಕಿದ್ದರೆ ಪುಟಕ್ಕೆ ಹತ್ತರಂತೆ ಶುಲ್ಕ ಕಳಿಸಬೇಕು.

'ಉಗುಳಬಾರದು' ಹಾಳೆ ಈಗಲೂ ಗೋಡೆಯ ಮೇಲಿದೆ.

ದಾಖಲೆ ಕೋಣೆ, ಮೂರನೇ ಕಿಟಕಿ


ಜನವರಿ 24

ಮೂರನೇ ಕಿಟಕಿಯವರಿಗೆ,

ಚುನಾವಣೆಗೆ ನಿಂತವನು ನನ್ನ ಮಗ ಎಂದು ನಾನು ಬರೆದಿರಲಿಲ್ಲ. ಬರೆಯುವ ಅಗತ್ಯ ಕಂಡಿರಲಿಲ್ಲ. ನಿಮಗೆ ಮೊದಲೇ ಗೊತ್ತಿತ್ತು ಎಂದ ಮೇಲೆ ಅದನ್ನು ಎತ್ತಿ ತೋರಿಸುವ ಅಗತ್ಯ ನಿಮಗೂ ಇರಲಿಲ್ಲ.

ಆ ಸಹಿ ಖೋಟಾ. ನೋಡದೆಯೇ ಹೇಳುತ್ತೇನೆ. ನಾನು ಓದದ ಹಾಳೆಗೆ ಸಹಿ ಹಾಕುವವಳಲ್ಲ. ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಅಚ್ಚುಕೂಟದಲ್ಲಿ ಪ್ರೂಫ್ ನೋಡುವವರು ಕೊನೆಯ ಪದದಿಂದ ಹಿಂದಕ್ಕೆ ಓದುತ್ತಾರೆ. ಅರ್ಥದ ಬೆನ್ನು ಹತ್ತಿ ಹೋದರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಸಹಿ ಹಾಕುವ ಕಾಗದವನ್ನೂ ನಾನು ಹಾಗೆಯೇ ಓದುತ್ತೇನೆ. ಆಮೇಲೆ ಕೊನೆಯ ಸಾಲಿಗೆ ಅಂಟಿಕೊಂಡ ಹಾಗೆ, ಒಂದು ಬೆರಳೂ ಜಾಗ ಬಿಡದೆ ಸಹಿ ಹಾಕುತ್ತೇನೆ. ಮಧ್ಯೆ ಯಾರೂ ಏನನ್ನೂ ತುರುಕಬಾರದೆಂದು. ನಿಮ್ಮ ಫೈಲಿನಲ್ಲಿ ಹಾಗಿದೆಯೋ ಇಲ್ಲವೋ ನೋಡಿ.

ಎರಡು ಪುಟಕ್ಕೆ ಇಪ್ಪತ್ತು ಕಳಿಸಿದ್ದೇನೆ. ಜೊತೆಗೆ ಇನ್ನೊಂದು ವಿಷಯ ತಿಳಿಸಿ. ಆ ಫೈಲನ್ನು ಇದುವರೆಗೆ ಯಾರು ಯಾರು ನೋಡಿದ್ದಾರೆ? ನನ್ನ ಹೆಸರನ್ನು ಓದಿದವರ ಹೆಸರು ನನಗೂ ತಿಳಿಯಬೇಕು.

ಅಚ್ಚುಕೂಟದಮ್ಮ


ಫೆಬ್ರವರಿ 2

ಮಾನ್ಯರೇ,

ಶುಲ್ಕ ತಲುಪಿದೆ. ನಕಲಿಗೆ ಮೇಲಧಿಕಾರಿಗಳ ಮುದ್ರೆ ಬೀಳಬೇಕು. ಅವರು ರಜೆಯಲ್ಲಿದ್ದಾರೆ. ರಜೆ ಮುಗಿದ ಮೇಲೆ ಅವರ ಮೇಜಿನಲ್ಲಿ ನಮ್ಮ ಸರದಿ ಬರಬೇಕು.

ಫೈಲು ನೋಡಿದವರು ಒಂದು ಪುಸ್ತಕದಲ್ಲಿ ಹೆಸರು ಬರೆದು ನೋಡುತ್ತಾರೆ. ಆ ಪುಸ್ತಕವೂ ಎಲ್ಲರೂ ನೋಡುವಂಥದ್ದೇ, ಆದ್ದರಿಂದ ತಮಗೆ ತಿಳಿಸಲು ಅಡ್ಡಿಯಿಲ್ಲ. ಡಿಸೆಂಬರ್ 28ರಂದು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್. ಜನವರಿ 4ರಂದು ಒಮ್ಮೆ, ಜನವರಿ 5ರಂದು ಇನ್ನೊಮ್ಮೆ, ತಮ್ಮ ಅಚ್ಚುಕೂಟದಲ್ಲಿ ಮೊದಲು ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಅಷ್ಟೇ.

ಸಹಿಯನ್ನು ನೋಡಿದೆ. ಕೊನೆಯ ಸಾಲಿಗೂ ಸಹಿಗೂ ನಡುವೆ ನಾಲ್ಕು ಬೆರಳು ಜಾಗವಿದೆ. ಅದರ ಅರ್ಥ ಹೇಳುವುದು ಗುಮಾಸ್ತರ ಕೆಲಸವಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ತಾವು ಹೇಳಿದಂತೆ ಈ ಫೈಲು ಬೀಗದೊಳಗಿದ್ದಿದ್ದರೆ, ತಾವು ಕೊಡದ ನಾಲ್ಕು ಲಕ್ಷ ತಮ್ಮ ಹೆಸರಿನಲ್ಲಿದೆ ಎಂಬುದು ತಮಗೆ ಹೇಗೆ ತಿಳಿಯುತ್ತಿತ್ತು?

ದಾಖಲೆ ಕೋಣೆ, ಮೂರನೇ ಕಿಟಕಿ


ಫೆಬ್ರವರಿ 8

ಮೂರನೇ ಕಿಟಕಿಯವರಿಗೆ,

ಈಗ ಎಲ್ಲ ತಿಳಿಯಿತು. ಎರಡೆರಡು ಸಲ ಬಂದು ನೋಡಿದನಂತಲ್ಲ, ಅವನದೇ ಈ ಕೆಲಸ. ಮೂವತ್ತನಾಲ್ಕು ವರ್ಷ ನನ್ನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ. ನನ್ನ ಗಂಡನ ಕಾಲದಿಂದ ಇದ್ದವನೆಂದು ಒಂದು ಮಾತು ಗಟ್ಟಿಯಾಗಿ ಆಡಿದವಳಲ್ಲ ನಾನು. ಕಂಪ್ಯೂಟರ್ ಬಂದ ಮೇಲೂ ವಿಸಿಟಿಂಗ್ ಕಾರ್ಡು, ಆಹ್ವಾನ ಪತ್ರ ಎಂದು ಅವನಿಗೊಂದು ಮೂಲೆ ಬಿಟ್ಟುಕೊಟ್ಟಿದ್ದೆ. ಅಕ್ಟೋಬರಿನಲ್ಲಿ ಮಗ ಫೋನು ಮಾಡಿ, "ಅಮ್ಮ, ಅವರಿಗೆ ಕಣ್ಣು ಕಾಣಲ್ಲ, ಕೆಲಸ ಎಲ್ಲ ತಪ್ಪು ಮಾಡ್ತಿದ್ದಾರೆ, ಮನೆಗೆ ಕಳಿಸೋಣ" ಎಂದ. ನಾನು ಸರಿ ಎಂದೆ. ಆ ಸಿಟ್ಟು ಅವನಿಗೆ. ನನ್ನ ಸಹಿ ದಿನವೂ ನೋಡಿದವನು ಅವನು. ಬರೆಯಲು ಬಲ್ಲವನೂ ಅವನೇ. ತಾನೇ ಬರೆದು, ತಾನೇ ಹೋಗಿ ನೋಡಿ, ಶಾಲೆಯವರ ಕಿವಿಗೂ ತಾನೇ ಊದಿದ್ದಾನೆ. ನನ್ನ ಅನ್ನ ತಿಂದು ನನ್ನ ಮಗನ ಕಾಲೆಳೆಯಲು ಹೊರಟಿದ್ದಾನೆ.

ನೀವು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಫೈಲು ಬೀಗದೊಳಗಿದ್ದಿದ್ದರೆ ಇಂಥವರ ಕೈಗೆ ಸಿಗುತ್ತಿರಲಿಲ್ಲ. ನೀವು ಚಿಕ್ಕ ವಯಸ್ಸಿನವರಿರಬೇಕು, ಮಾತಿನಲ್ಲೇ ಗೊತ್ತಾಗುತ್ತದೆ. ಮನುಷ್ಯರನ್ನು ನೋಡಿ ಗೊತ್ತಿಲ್ಲದ ಹುಡುಗರಿಗೆ ನಿಯಮವೇ ದೇವರು.

ಅಚ್ಚುಕೂಟದಮ್ಮ


ಮಾರ್ಚ್ 1

ಮಾನ್ಯರೇ,

ದೃಢೀಕೃತ ನಕಲು ಲಗತ್ತಿಸಿದೆ. ಹಾಳೆ ಎರಡು, ಪುಟ ನಾಲ್ಕು. ಹಿಂಬದಿಯನ್ನೂ ನಕಲು ಮಾಡಿರುವುದರಿಂದ ಇನ್ನೂ ಇಪ್ಪತ್ತು ಶುಲ್ಕ ಬಾಕಿಯಿದೆ.

ತಾವು ಪತ್ರದಲ್ಲಿ ದೂರಿದ ವ್ಯಕ್ತಿಯ ಬಗ್ಗೆ: ಪುಸ್ತಕದಲ್ಲಿ ನೋಡಿದವರ ಹೆಸರಿರುತ್ತದೆ, ಯಾಕೆ ನೋಡಿದರು ಎಂಬುದು ಇರುವುದಿಲ್ಲ.

ದಾಖಲೆ ಕೋಣೆ, ಮೂರನೇ ಕಿಟಕಿ


ಮಾರ್ಚ್ 6

ಮೂರನೇ ಕಿಟಕಿಯವರಿಗೆ,

ನಕಲು ತಲುಪಿತು. ಖಾಲಿ ಹಿಂಬದಿಗೆ ಇಪ್ಪತ್ತು ಕೇಳುವ ಪುರಸಭೆಯನ್ನು ನಾನು ಎಲ್ಲೂ ಕಂಡಿಲ್ಲ. ಆದರೂ ಕಳಿಸಿದ್ದೇನೆ. ನಿಮ್ಮ ಹಂಗು ನನಗೆ ಬೇಡ.

ಈ ವಿಷಯವನ್ನು ನಾನು ಇಲ್ಲಿಗೆ ಬಿಡುತ್ತೇನೆ. ಹೇಳಿಕೆ ಗೀಳಿಕೆ ಏನೂ ಕೊಡುವುದಿಲ್ಲ. ನನಗೆ ವಯಸ್ಸಾಗಿದೆ, ಕಾಲು ನೋವಿದೆ. ಕೊಟ್ಟಿದ್ದರೂ ಕೊಟ್ಟಿದ್ದೆನೇನೋ, ಮರೆತಿರಬಹುದು.

ಇನ್ನು ಬರೆಯುವುದು ಬೇಡ.

ಅಚ್ಚುಕೂಟದಮ್ಮ


ಮಾರ್ಚ್ 12

ಅಮ್ಮಾ,

ಬರೆಯಬೇಡಿ ಎಂದಿದ್ದೀರಿ. ಆದ್ದರಿಂದ ಗುಮಾಸ್ತಳಾಗಿ ಬರೆಯುತ್ತಿಲ್ಲ. ಹಾಳೆ ನನ್ನದು, ಅಂಚೆ ಚೀಟಿ ನನ್ನದು, ಕೂತು ಬರೆಯುತ್ತಿರುವುದು ಮನೆಯ ಅಡುಗೆಕೋಣೆಯಲ್ಲಿ. ಮತ್ತೆ, ನಾನು ಹುಡುಗನಲ್ಲ. ಮೂವತ್ತೇಳು ವರ್ಷದ ಹೆಂಗಸು.

ನೀವು ಮರೆಯುವವರಲ್ಲ. ಏಳು ವರ್ಷದವಳಿದ್ದಾಗ ಶಾಲೆ ಬಿಟ್ಟ ಮೇಲೆ ನಿಮ್ಮ ಅಚ್ಚುಕೂಟದ ಮೊಳೆಯ ಪೆಟ್ಟಿಗೆಗಳ ಕೆಳಗೆ ಕೂತಿರುತ್ತಿದ್ದೆ. ಕೆಳಗೆ ಬಿದ್ದ ಮೊಳೆ ಹೆಕ್ಕಿ ಪೆಟ್ಟಿಗೆಯಲ್ಲಿ ಆಯಾ ಅಕ್ಷರದ ಮನೆಗೆ ಹಾಕಿದರೆ ನೀವು ಒಂದು ಪೆಪ್ಪರಮೆಂಟು ಕೊಡುತ್ತಿದ್ದಿರಿ. ಒಂದು ದಿನ ಎರಡು ಮೊಳೆ ತಪ್ಪು ಮನೆಗೆ ಹಾಕಿದ್ದೆ. ಕೊಟ್ಟ ಪೆಪ್ಪರಮೆಂಟನ್ನು ನನ್ನ ಬಾಯಿಗೆ ಹೋಗುವ ಮೊದಲೇ ವಾಪಸು ತಗೊಂಡಿರಿ. ನಾನು ಅವರ ಮಗಳು, ಅಮ್ಮ. ನೀವು ಫೆಬ್ರವರಿಯಲ್ಲಿ ಮೊಳೆ ಜೋಡಿಸುವವರ ಮೇಲೆ ಬರೆದಿರಲ್ಲ, ಅವರ ಮಗಳು.

ಆ ಕಾಗದ ಓದಿ ಮೂರು ವಾರ ನಿಮಗೆ ಬರೆಯಲಾಗಲಿಲ್ಲ. ಮೇಲಧಿಕಾರಿಗಳ ಮುದ್ರೆ ಒಂದೇ ವಾರಕ್ಕೆ ಬಿದ್ದಿತ್ತು. ತಡ ಮಾಡಿದ್ದು ನಾನು. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ.

ಅಪ್ಪ ಶಾಲೆಯವರ ಕಿವಿ ಊದಲಿಲ್ಲ. ಪುಸ್ತಕದ ತಾರೀಖು ನೋಡಿ. ಹೆಡ್‌ಮಿಸ್ಟ್ರೆಸ್ ಮೊದಲು ನೋಡಿದರು, ಆಮೇಲೆ ಅಪ್ಪನಿಗೆ ಹೇಳಿದರು. ಅಪ್ಪ ಬಂದು ನೋಡಿ ಹೋದರು. ಮಾರನೆಯ ದಿನ ಭೂತಗನ್ನಡಿ ತಂದು ಹಾಳೆಯ ಹಿಂಬದಿ ನೋಡಿದರು. ನಾನು ಏನೆಂದು ಕೇಳಿದೆ. "ಅಮ್ಮನ ಗುಟ್ಟು, ನಿನಗೆ ಬೇಡ" ಎಂದರು. ಈಗಲೂ ಅಷ್ಟೇ ಹೇಳುತ್ತಾರೆ.

ಅವರು ಹೇಳುವುದಿಲ್ಲ. ನಾನು ಕೇಳುವುದೂ ಇಲ್ಲ. ಆದರೆ ಅವರು ನೋಡಿದ್ದನ್ನು ನೀವೂ ನೋಡಲೆಂದೇ ಹಿಂಬದಿಯನ್ನು ನಕಲು ಮಾಡಿದೆ. ಕೆಳಗಡೆ ಎಡಮೂಲೆ, ಪೆನ್ಸಿಲಿನದು, ಸಾಸಿವೆ ಕಾಳಿನಷ್ಟಿದೆ. ಕನ್ನಡಕ ಹಾಕಿಕೊಂಡು ನೋಡಿ. ಇಪ್ಪತ್ತು ದಂಡವಾಯಿತು ಅನಿಸಿದರೆ ಆ ಹಣ ನಾನು ಕೊಡುತ್ತೇನೆ.

ಮೂರನೇ ಕಿಟಕಿ


ಮಾರ್ಚ್ 19

ಮಗಳೇ,

ನಿನ್ನನ್ನು ಇನ್ನು ಬಹುವಚನದಲ್ಲಿ ಕರೆಯಲು ನನಗಾಗುವುದಿಲ್ಲ. ಎರಡು ಜಡೆ ಹಾಕಿಕೊಂಡು, ಕೈಯೆಲ್ಲ ಮಸಿ ಮಾಡಿಕೊಂಡು, ಪೆಟ್ಟಿಗೆಯ ಕೆಳಗಿನಿಂದ ಇಣುಕುತ್ತಿದ್ದವಳು ನೀನೇ ತಾನೆ? ಪೆಪ್ಪರಮೆಂಟು ವಾಪಸು ತಗೊಂಡದ್ದು ನನಗೆ ನೆನಪಿಲ್ಲ. ತಗೊಂಡೇ ಇರುತ್ತೇನೆ.

ನೋಡಿದೆ. ಒಂದರ ಹಿಂದೆ 14, ಇನ್ನೊಂದರ ಹಿಂದೆ 15. ನಿನ್ನ ಅಪ್ಪ ಬರೆಯುವ 4, ಮೇಲೆ ಬಾಯಿ ತೆರೆದುಕೊಂಡಿರುತ್ತದೆ.

ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ನನ್ನ ಗಂಡ ತೀರಿಕೊಂಡಾಗ ಸಹಿ ಹಾಕುವವರು ಬೇರೆ ಯಾರೂ ಇರಲಿಲ್ಲ. ಒಂದು ತಿಂಗಳು ಅಂಗಡಿಯಿಂದ ಕಾಗದ ಬರಲಿಲ್ಲ, ಮಸಿ ಬರಲಿಲ್ಲ. ಒಪ್ಪಿಕೊಂಡಿದ್ದ ಕೆಲಸವೆಲ್ಲ ಬೇರೆ ಪ್ರೆಸ್ಸಿಗೆ ಹೋಯಿತು. ಅವತ್ತಿನಿಂದ ಊರು ಬಿಡುವ ಮುಂಚೆ ನಾನು ಇಪ್ಪತ್ತು ಖಾಲಿ ಲೆಟರ್‌ಹೆಡ್ಡಿನ ಬುಡದಲ್ಲಿ ಸಹಿ ಹಾಕಿಡುತ್ತೇನೆ. ನಿನ್ನ ಅಪ್ಪ ಹಿಂದೆ ಸಂಖ್ಯೆ ಬರೆದು, ಯಾವ ಹಾಳೆ ಯಾವುದಕ್ಕೆ ಹೋಯಿತೆಂದು ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಡ್ರಾಯರಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಓದದೆ ಸಹಿ ಹಾಕುವವಳಲ್ಲ ಎಂದು ಊರಿಗೆಲ್ಲ ಬೊಗಳಿಕೊಂಡು ಬಂದವಳ ನಿಜ ಇದು. ಅವನೊಬ್ಬನಿಗೇ ಗೊತ್ತಿತ್ತು.

ನಕಲು ಬಂದ ದಿನವೇ ಸಹಿ ನನ್ನದೆಂದು ತಿಳಿದಿತ್ತು. ಯಾರ ಕೈಯಿಂದ ಬಂತೆಂಬುದೂ ತಿಳಿದಿತ್ತು. ಅದಕ್ಕೇ ಬಿಡುತ್ತೇನೆ ಎಂದು ಬರೆದೆ. ಆದರೆ ಆ ಸಂಖ್ಯೆ ನೋಡಿದ ಮೇಲೆ ಅಕ್ಟೋಬರಿನ ಫೋನು ನೆನಪಾಯಿತು. ನಿನ್ನ ಅಪ್ಪನನ್ನು ಮನೆಗೆ ಕಳಿಸಿದ್ದು ಕಣ್ಣು ಕಾಣದ್ದಕ್ಕಲ್ಲ. ಕೀಲಿ ಬೇಕಿತ್ತು.

ಮಗನನ್ನು ಬಾ ಎಂದೆ. ಭಾನುವಾರ ಬಂದ. ನಾನು ನಕಲನ್ನು ಟೀಪಾಯಿಯ ಮೇಲೆ ಮಗುಚಿ ಇಟ್ಟಿದ್ದೆ, ಹಿಂಬದಿ ಮೇಲಕ್ಕೆ. ಅವನಿಗೆ ಅದು ಖಾಲಿ ಹಾಳೆ.

"ಯಾರ ದುಡ್ಡೋ ಅದು?" ಎಂದೆ.

ಸ್ವಲ್ಪ ಹೊತ್ತು ಕಾಲಿನ ನೋವು ಹೇಗಿದೆ ಎಂದು ಕೇಳಿದ. ಆಮೇಲೆ, "ಚರಂಡಿ ಕೆಲಸದ ಗುತ್ತಿಗೆದಾರರದ್ದು" ಎಂದ.

"ಅವನ ಹೆಸರಲ್ಲೇ ಕೊಡಬೇಕಿತ್ತು."

"ಪುರಸಭೆ ಗುತ್ತಿಗೆ ಇರೋರು ದೇಣಿಗೆ ಕೊಡೋ ಹಾಗಿಲ್ಲ ಅಮ್ಮ."

"ಅದಕ್ಕೆ ನಾನು ಕೊಟ್ಟೆನಾ?"

"ನಿನ್ನ ಹೆಸರಿದ್ರೆ ಯಾರೂ ಎರಡನೇ ಸಲ ನೋಡಲ್ಲ ಅಂತ..."

ಅದನ್ನು ಅವನು ಹೊಗಳಿಕೆಯ ಹಾಗೆ ಹೇಳಿದ. ಮೂವತ್ತೊಂದು ವರ್ಷ ಒಂದು ಹೆಸರನ್ನು ಒರೆಸಿ ಒರೆಸಿ ಹೊಳಪು ಮಾಡಿಟ್ಟದ್ದು ಇವನು ಅದರ ಹಿಂದೆ ಅವಿತುಕೊಳ್ಳುವುದಕ್ಕಾಯಿತು.

ನನ್ನ ಮಗಳು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳದು ಸುಮ್ಮನಿರುವ ಬಾಯಲ್ಲ. "ನನ್ನ ಮದುವೆ ಕಾಗದ ಅಚ್ಚು ಹಾಕಿ ನನ್ನ ಗಂಡನ ಕೈಯಿಂದ ಬಿಲ್ಲು ವಸೂಲಿ ಮಾಡಿದವಳು ನೀನು. ತಮ್ಮನಿಗೆ ಮಾತ್ರ ಖಾಲಿ ಹಾಳೆ" ಎಂದಳು.

"ಅಕ್ಕ, ನೀನು ಮಧ್ಯೆ ಬರಬೇಡ" ಎಂದ ಇವನು.

"ಮಧ್ಯೆ ಜಾಗ ಇದೆಯಲ್ಲೋ, ನಾಲ್ಕು ಬೆರಳು" ಎಂದಳು.

ಆ ಗುತ್ತಿಗೆದಾರನ ಗುತ್ತಿಗೆಯನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಬೇಕೆಂದು ಫೆಬ್ರವರಿಯ ಸಭೆಯಲ್ಲಿ ಇವನು ಕೈ ಎತ್ತಿದ್ದಾನೆ. ಅದನ್ನೂ ನಾನೇ ಕೇಳಿ ಬಾಯಿ ಬಿಡಿಸಿದೆ. ಹೇಳಿಕೆ ಕೊಡುತ್ತೇನೆ ಎಂದೆ. "ಅಮ್ಮ, ಸೀಟು ಹೋಗುತ್ತೆ. ಕೇಸೂ ಆಗುತ್ತೆ" ಎಂದ. ಎದ್ದು ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಇನ್ನೆರಡು ವಾರ ಸುಮ್ಮನಿದ್ದುಬಿಡು ಅಷ್ಟೇ. ಫೈಲು ಮುಚ್ಚಿಹೋಗುತ್ತೆ" ಎಂದ. ಅವನಿಗೂ ತಾರೀಖು ಬಾಯಿಪಾಠವಾಗಿದೆ.

ಹೆತ್ತವಳು ನಾನು. ಎರಡು ದಿನ ಪೆನ್ನು ಮುಟ್ಟಲಿಲ್ಲ. ಜನವರಿಯಲ್ಲಿ ಬೀಗ ಜಡಿಯಿರಿ ಎಂದು ನಿನಗೆ ಬರೆದವಳು ನಾನೇ; ಈಗ ಅದೇ ಮಾತನ್ನು ಅವನು ಹೇಳಿದ. ಅವನ ಬಾಯಲ್ಲಿ ಕೇಳಿದಾಗ ಅದು ಬೇರೆ ಥರ ಕೇಳಿಸಿತು.

ಹೇಳಿಕೆ ಬರೆದಿದ್ದೇನೆ. ಒಂದು ಪುಟ. ದೇಣಿಗೆ ನನ್ನದಲ್ಲ, ನನ್ನ ಸಹಿಯನ್ನು ನನ್ನ ಅರಿವಿಲ್ಲದೆ ಬಳಸಲಾಗಿದೆ ಎಂದು. ಅಂಚೆಯಲ್ಲಿ ಕಳಿಸಿದರೆ ಸಾಕೇ, ಬರಬೇಕೇ? ನಿನ್ನ ಅಪ್ಪನ ಮೇಲೆ ನಾನು ಬರೆದದ್ದನ್ನು ನೀನು ಅವರಿಗೆ ಓದಿ ಹೇಳಿದ್ದೀಯಾ? ಹೇಳಿದ್ದರೆ, ನಾನು ಅವರ ಮುಖ ಹೇಗೆ ನೋಡುವುದು?

ಅಚ್ಚುಕೂಟದಮ್ಮ


ಮಾರ್ಚ್ 23

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಚೆಯಲ್ಲಿ ಬಂದ ಹೇಳಿಕೆಯನ್ನು ತೆಗೆದುಕೊಳ್ಳುವುದಿಲ್ಲ. ಸಹಿ ಹಾಕಿದವರೇ ಬಂದು ಕೊಡಬೇಕು. 31 ಕೊನೆಯ ದಿನ, ಆದರೆ ಅಷ್ಟರವರೆಗೆ ಕಾಯಬೇಡಿ.

ಯಾವ ದಿನ ಬರುತ್ತೀರೆಂದು ಒಂದು ಸಾಲು ಬರೆಯಿರಿ. ಆ ದಿನ ನಾನು ಮೂರನೇ ಕಿಟಕಿಯಲ್ಲಿ ಇರುವುದಿಲ್ಲ. ತಪ್ಪು ತಿಳಿಯಬೇಡಿ. ಹಾಳೆಗಳ ವಿಷಯ ಬಂದರೆ ನಿಮ್ಮ ಹೇಳಿಕೆಯಲ್ಲಿ ಅಪ್ಪನ ಹೆಸರು ಬರಲೂಬಹುದು. ಅದನ್ನು ಮಗಳೇ ಕೈಯಲ್ಲಿ ತೆಗೆದುಕೊಂಡು ಮುದ್ರೆ ಒತ್ತಿದಳು ಎಂದು ನಾಳೆ ಯಾರೂ ಅನ್ನಬಾರದು. ಎರಡನೇ ಕಿಟಕಿಯ ಕನ್ನಡಕದವರು ಇರುತ್ತಾರೆ. ನಿಧಾನ, ಆದರೆ ಸರಿಯಾದವರು. ಅದೇ ಕಾರಣಕ್ಕೆ, ಏನು ಬರೆಯಬೇಕು, ಏನು ಬಿಡಬೇಕು ಎಂದು ನಾನು ಹೇಳುವುದಿಲ್ಲ. ಕೊಟ್ಟ ಮೇಲೆ ಏನಾಗುತ್ತದೆ ಎಂಬುದೂ ನನ್ನ ಕೈಯಲ್ಲಿಲ್ಲ.

ಅಪ್ಪನಿಗೆ ಹೇಳಿದೆನೋ ಇಲ್ಲವೋ ಎಂದು ಕೇಳಿದ್ದೀರಿ. ಅದು ನನ್ನ ಮತ್ತು ಅಪ್ಪನ ವಿಷಯ. ನಮ್ಮ ಮನೆಯಲ್ಲೂ ಬೀಗ ಹಾಕಿಡುವ ಫೈಲು ಒಂದೆರಡಿವೆ.

ಮೆಟ್ಟಿಲು ಏರುವಾಗ ಜೋಪಾನ. ಪುರಸಭೆಗೆ ಹನ್ನೊಂದು ಮೆಟ್ಟಿಲು.

ಮೂರನೇ ಕಿಟಕಿ


ಮಾರ್ಚ್ 31

ಮಗಳೇ,

ನಿನ್ನೆ ನೀನು ಕುರ್ಚಿಯಲ್ಲಿರಲಿಲ್ಲ. ಇರುವುದಿಲ್ಲ ಎಂದು ನೀನೇ ಹೇಳಿದ್ದೆ, ಆದರೂ ನನ್ನ ಕಣ್ಣು ಆ ಕುರ್ಚಿಗೇ ಹೋಯಿತು. ಅದರ ಮೇಲೆ ಒಂದು ಹಸಿರು ಸ್ವೆಟರು ಇತ್ತು. ಆದದ್ದನ್ನು ನಾನೇ ಬರೆದು ತಿಳಿಸುತ್ತೇನೆ.

ಮೊನ್ನೆ ಬಂದವಳು ನೇರ ನಿಮ್ಮ ಮನೆಗೇ ಹೋದೆ. ನೀನು ಬೇಕೆಂದೇ ಹೊರಗೆ ಹೋಗಿದ್ದೆ ಎಂದು ತೋರುತ್ತದೆ. ನಿನ್ನ ಅಪ್ಪ ಬಾಗಿಲಿಗೆ ಬಂದು, "ಬನ್ನಿ ಅಮ್ಮ, ಹೊಸ ಕಾಲು ಹೇಗಿದೆ?" ಎಂದರು.

"ಕಾಲು ಇರಲಿ. ನಿಮ್ಮ ವಿಷಯ ನಾನು ಬಹಳ ಕೆಟ್ಟದಾಗಿ ಬರೆದಿದ್ದೆ. ನಿಮ್ಮ ಮಗಳಿಗೇ ಬರೆದಿದ್ದೆ" ಎಂದೆ.

"ಅವಳು ಹೇಳಲಿಲ್ಲವಲ್ಲ."

"ಅವಳು ಹೇಳದಿದ್ರೆ ನಾನು ಹೇಳ್ತಿದ್ದೀನಿ. ಕಳ್ಳ ಅಂದಿದ್ದೆ. ಅನ್ನದ ಮಾತು ಆಡಿದ್ದೆ."

ಅವರು ಕೈ ಚಾಚಿ, "ಪ್ರೂಫ್ ಕೊಡಿ" ಎಂದರು.

ಹೇಳಿಕೆಯನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿದರು. ಇವರಿಗೆ ಕಣ್ಣು ಕಾಣುವುದಿಲ್ಲವಂತೆ! ಒಂದು ಕಾಗುಣಿತದ ತಪ್ಪು ಹಿಡಿದರು. ಆಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿ, ಒಂದು ಸಾಲಿನ ಮೇಲೆ ಉಗುರಿಟ್ಟರು. ನನ್ನ ಸಹಿಯನ್ನು ನನ್ನ ಅರಿವಿಲ್ಲದೆ ಬಳಸಲಾಗಿದೆ ಎಂಬ ಸಾಲು.

"ಇದು ಅರ್ಧ ಅಮ್ಮ" ಎಂದರು.

"ಯಾಕೆ? ನನಗೆ ಗೊತ್ತಿತ್ತಾ?"

"ಬಳಸಿದ್ದು ಗೊತ್ತಿರಲಿಲ್ಲ. ಹಾಕಿದ್ದು ಗೊತ್ತಿತ್ತು. ಇದನ್ನ ಓದಿದವರು ಸಹಿ ಖೋಟಾ ಅಂದ್ಕೋತಾರೆ. ಅವನು ಮಾಡಿದ ತಪ್ಪು ಅವನದು. ಮಾಡದ್ದನ್ನೂ ಅವನ ತಲೆಗೆ ಕಟ್ಟೋದು ಬೇಡ." ಹಾಳೆ ನನ್ನ ಕೈಗಿಟ್ಟು, "ಬರೀಬೇಡಿ ಅಂದ್ರೆ ನಾನು ಈಗಲೂ ಯಾರಿಗೂ ಹೇಳಲ್ಲ. ನನಗೆ ಮೂವತ್ತೊಂದು ವರ್ಷ ಅಭ್ಯಾಸ ಇದೆ" ಎಂದರು.

ಮಗನ ಸೀಟು ಹೋಗುವ ಮಾತನ್ನು ಒಂದೇ ಸಲಕ್ಕೆ ಬರೆದವಳು ಆ ಒಂದು ಸಾಲಿಗೆ ಮೂರು ಸಲ ಪೆನ್ನಿನ ಮುಚ್ಚಳ ತೆಗೆದು ಹಾಕಿದೆ. ನನ್ನ ಬಗ್ಗೆ ನಾನೇ ಇಷ್ಟು ಯೋಚಿಸುತ್ತೇನೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಆ ಸಾಲು ಹೊಡೆದುಹಾಕಿ ಹೀಗೆ ಬರೆದೆ: 'ಇಪ್ಪತ್ತು ಖಾಲಿ ಹಾಳೆಗಳಿಗೆ ನಾನೇ ಸಹಿ ಹಾಕಿಟ್ಟಿದ್ದೆ. ಸಹಿ ನನ್ನದು. ಅದರ ಮೇಲಿನ ಮಾತು ನನ್ನದಲ್ಲ, ಹಣ ನನ್ನದಲ್ಲ.' ಹಣ ಯಾರದೆಂದು ಮಗ ನನಗೆ ಹೇಳಿದನೋ ಅದನ್ನೂ ಬರೆದೆ. ನಿನ್ನ ಅಪ್ಪ ಸಂಜೆ ಅಚ್ಚುಕೂಟಕ್ಕೆ ಬಂದು ಇಡೀ ಹೇಳಿಕೆಯನ್ನು ಮೊಳೆಯಲ್ಲಿ ಜೋಡಿಸಿ ಒಂದೇ ಒಂದು ಪ್ರತಿ ತೆಗೆದರು. ಕಂಪ್ಯೂಟರ್ ಇದೆಯಲ್ಲ ಎಂದರೆ, "ಈ ಕೆಲಸಕ್ಕೆ ಅದು ಬೇಡ" ಎಂದರು. ಕೀಲಿ ಅವರಿಗೆ ವಾಪಸು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೇ ಬಂದು ಬಾಗಿಲು ತೆಗೆದಿದ್ದಾರೆ.

ಮಗನಿಗೆ ರಾತ್ರಿಯೇ ಪ್ರತಿಯನ್ನು ತೋರಿಸಿದ್ದೆ. ಓದಿ ಮಡಿಸಿ ಕೊಟ್ಟ. ಡ್ರಾಯರಿನಲ್ಲಿ ಉಳಿದಿದ್ದ ಐದು ಹಾಳೆ ಕೇಳಿದೆ, ತಂದಿಟ್ಟ. ನಿನ್ನೆ ಬೆಳಿಗ್ಗೆ ಅವನೇ ಗಾಡಿ ತೆಗೆದ. ಹನ್ನೊಂದು ಮೆಟ್ಟಿಲು ನನ್ನ ರಟ್ಟೆ ಹಿಡಿದು ಹತ್ತಿಸಿದ. ಬಾಗಿಲವರೆಗೆ ಬಂದ, ಒಳಗೆ ಬರಲಿಲ್ಲ.

ಕನ್ನಡಕದವರು ನಿಜಕ್ಕೂ ನಿಧಾನ. ಹೇಳಿಕೆ ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿ, "ಅಮ್ಮ, ಇದು ಫೈಲಿಗೆ ಸೇರಿದ್ರೆ ಯಾರು ಬೇಕಾದ್ರೂ ಓದ್ತಾರೆ. ಖಾಲಿ ಹಾಳೆ ವಿಷಯಾನೂ ಓದ್ತಾರೆ. ಗೊತ್ತಲ್ಲ?" ಎಂದರು.

"ಗೊತ್ತು. ಜನವರಿಯಲ್ಲಿ ಅದಕ್ಕೇ ನಿಮ್ಮ ಮೂರನೇ ಕಿಟಕಿಯ ಜೊತೆ ಜಗಳ ಆಡಿದ್ದೆ" ಎಂದೆ.

ಅವರ ಎದುರಿಗೇ, ಕೊನೆಯ ಸಾಲಿಗೆ ಅಂಟಿಸಿದ ಹಾಗೆ ಸಹಿ ಹಾಕಿದೆ. ಉಳಿದ ಐದು ಹಾಳೆಗಳಿಗೆ ಅಡ್ಡಗೆರೆ ಎಳೆದು ಅವನ್ನೂ ಜೊತೆಗೆ ಕೊಟ್ಟೆ. ಮುದ್ರೆ ಬಿತ್ತು. ಆಮೇಲೆ ಫೈಲು ನೋಡಬೇಕು ಎಂದು ಕೇಳಿದೆ. ಪುಸ್ತಕ ಮುಂದಿಟ್ಟರು. ನಿನ್ನ ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಅಚ್ಚುಕೂಟದಮ್ಮ ಎಂದಲ್ಲ, ಬ್ಯಾಂಕಿನಲ್ಲಿರುವ ಹೆಸರು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಮೊದಲ ಪುಟದಿಂದ ಓದಿದೆ.

ಪಕ್ಕದಲ್ಲಿ ಚೀಲ ಹಿಡಿದುಕೊಂಡು ಒಬ್ಬರು ಕೂತಿದ್ದರು. ನನಗೆ ಅವರ ಪರಿಚಯವಿಲ್ಲ. ಇಣುಕಿ ನೋಡಿ, "ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಅದನ್ನ ನಾವೂ ನೋಡಬಹುದಾ?" ಎಂದರು.

ಕನ್ನಡಕದವರು ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಫೈಲನ್ನು ಆ ಮನುಷ್ಯನ ತೊಡೆಯ ಮೇಲೆ ಇಟ್ಟೆ.

"ಮೊದಲು ಹೋಗಿ ಪುಸ್ತಕದಲ್ಲಿ ಹೆಸರು ಬರೆಯಿರಿ" ಎಂದೆ. "ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿ."

ಅಚ್ಚುಕೂಟದಮ್ಮ